ತಿದ್ದಿದ ಕಣ್ಣು

ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಪತ್ರಗಳಿಗೆ ಉತ್ತರಿಸದೆ ತಡಮಾಡಿದ್ದು ನನ್ನ ತಪ್ಪೇ. ಬೇಗ ಬರೆದಿದ್ದರೆ ನೀನು ಅರ್ಧ ಓದಿ ಹರಿದು ಬಿಸಾಡುತ್ತಿದ್ದೆ, ಅಷ್ಟು ಉರಿಯುತ್ತಿತ್ತು ನನಗೆ. ಈಗಲೂ ಪೂರ್ತಿ ಆರಿಲ್ಲ.

ಆಪರೇಷನ್ ಆಯಿತು. ಎಡಗಣ್ಣಿನ ಮೇಲೆ, ಹುಬ್ಬಿನ ತುದಿಯ ಕೆಳಗೆ, ಕಣ್ಣೀರಿನ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಕಣ್ಣುಗುಡ್ಡೆಯನ್ನು ಕೆಳಕ್ಕೆ ತಳ್ಳಿತ್ತು. ನೋವೇ ಇರಲಿಲ್ಲ. ಕನ್ನಡಕ ವಾಲಿದೆ ಎಂದು ಅಂಗಡಿಯವನ ಜೊತೆ ಎಷ್ಟು ಸಲ ಜಗಳವಾಡಿದ್ದೆನೋ, ಪಾಪ. ಕೊನೆಗೆ ಅವನೇ ಕೈಮುಗಿದು, ಡಾಕ್ಟರ ಹತ್ತಿರ ಹೋಗಿ ಎಂದ.

ಡಾಕ್ಟರಮ್ಮ ಹೇಳಿದ್ದಿಷ್ಟು. ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದ್ದರೆ ಬಹುಶಃ ಕ್ಯಾನ್ಸರ್ ಅಲ್ಲದ ಸಾಧು ಗಡ್ಡೆ. ಅದನ್ನು ಚುಚ್ಚಬಾರದು, ಪೊರೆಯ ಸಮೇತ ಇಡಿಯಾಗಿ ತೆಗೆಯಬೇಕು. ಪೊರೆ ಒಡೆದರೆ ಮತ್ತೆ ಮತ್ತೆ ಬೆಳೆಯಬಹುದು, ಮುಂದೆ ಕ್ಯಾನ್ಸರೂ ಆಗಬಹುದು. ಕೆಲವೇ ತಿಂಗಳಲ್ಲಿ ಬೆಳೆದದ್ದಾದರೆ ಕ್ಯಾನ್ಸರಿನ ಅನುಮಾನ, ಮೊದಲು ಚೂರು ಕತ್ತರಿಸಿ ಪರೀಕ್ಷೆ. ಸ್ಕ್ಯಾನಿನಿಂದ ಪೂರ್ತಿ ತೀರ್ಮಾನವಾಗಲಿಲ್ಲ, ಹಳೆಯ ಫೋಟೋ ತನ್ನಿ ಎಂದರು.

ಫೋಟೋಗೇನು ಬರ? ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಸ್ಟುಡಿಯೋದಲ್ಲಿ ಕೂರಿಸಿ ತೆಗೆಯುವ ತಮ್ಮನಿದ್ದಾನೆ ಎಂದು ಬೀಗುತ್ತಾ ಆಲ್ಬಮ್ ಹೊತ್ತುಕೊಂಡು ಹೋದೆ. ಕಳೆದ ವರ್ಷದ ಫೋಟೋದಲ್ಲೂ ಎರಡೂ ಕಣ್ಣು ಸಮ, ಅಂದರೆ ಗಡ್ಡೆ ಈ ವರ್ಷ ಬಂದದ್ದು. ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಚೂರು ತೆಗೆಯಲು ದಿನ ಗೊತ್ತುಮಾಡಿದರು. ನಿನ್ನ ಭಾವ ಊಟ ಬಿಟ್ಟು ಕೂತರು.

ರಜೆ ಕೇಳಲು ಕೆಲಸದ ಜಾಗಕ್ಕೆ, ಬಸ್ ನಿಲ್ದಾಣಕ್ಕೆ, ಹೋದಾಗ ನನ್ನ ಪಕ್ಕದ ಟಿಕೆಟ್ ಕೌಂಟರಿನವಳು ವಿಷಯ ಕೇಳಿ ನಕ್ಕಳು. "ಈ ವರ್ಷ ಬಂದಿದ್ದಾ? ಸುಮ್ನಿರಿ. ನಾನು ಕೆಲ್ಸಕ್ಕೆ ಸೇರಿದಾಗ್ಲೇ ನಿಮ್ಮ ಕಣ್ಣು ಹೀಗಿತ್ತು." ಮ್ಯಾನೇಜರರ ಬೀಳ್ಕೊಡುಗೆಯಲ್ಲಿ ತಾನೇ ತೆಗೆದ ಫೋಟೋ ಮೊಬೈಲಿನಲ್ಲಿ ತೋರಿಸಿದಳು. ಆರು ವರ್ಷ ಹಿಂದಿನದು. ಕಣ್ಣು ಆಗಲೇ ಇಳಿದಿತ್ತು.

ಡಾಕ್ಟರಮ್ಮ ಅದೇ ವರ್ಷ ನೀನು ತೆಗೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರು. "ಇದನ್ನ ಯಾರೋ ತಿದ್ದಿದ್ದಾರೆ," ಎಂದರು. ನನ್ನ ಸ್ವಂತ ತಮ್ಮ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಚೂರು ತೆಗೆಯುವುದು ರದ್ದಾಯಿತು. ಪೊರೆ ಒಡೆಯದೆ ಗಡ್ಡೆ ಇಡಿಯಾಗಿ ಹೊರಬಂತು. ಸಾಧು ಗಡ್ಡೆಯೇ ಎಂದು ವರದಿಯೂ ಬಂದಿದೆ. ಭಾವ ಫೋನಿನಲ್ಲಿ ನಿನ್ನನ್ನು ಬೈದದ್ದು ಹೆಚ್ಚಾಯಿತು ಎಂದು ಬರೆದಿದ್ದೀಯ. ನನ್ನ ಕೇಳಿದರೆ ಕಡಿಮೆಯೇ ಆಯಿತು. ಅಕ್ಕನಿಗೆ ಬೇಜಾರಾಗದಿರಲಿ ಎಂದು ತಿದ್ದಿದೆಯಂತೆ. ನಿನ್ನ ಕೈಚಳಕಕ್ಕೆ ನನ್ನ ಜೀವ ಹೋಗುತ್ತಿತ್ತು ಕಣೋ.

ಮಕ್ಕಳಿಗೆ ಮುತ್ತು ಕೊಡು. ನಿನ್ನ ಹೆಂಡತಿಗೆ ಹೊಸ ಕೆಲಸ ಒಗ್ಗಲಿ. ನೀನೂ ಚೆನ್ನಾಗಿರು, ಎಷ್ಟು ಕೋಪವಿದ್ದರೂ ಅದನ್ನು ಹೇಳದೆ ಇರಲಾರೆ.

ನಿನ್ನ ಅಕ್ಕ

ಮರೆತ ಮಾತು: ತಿದ್ದುವಾಗ ಪ್ರತಿ ವರ್ಷವೂ ನನ್ನ ಕಣ್ಣನ್ನು ಕಂಪ್ಯೂಟರಿನಲ್ಲಿ ಅಂಗೈಯಗಲ ಮಾಡಿ ನೋಡಿರುತ್ತೀಯ. ಹಿಂದಿನ ವರ್ಷಕ್ಕಿಂತ ಇನ್ನಷ್ಟು ಇಳಿದಿದೆ ಎಂದು ಗೊತ್ತಿದ್ದವನು ನೀನೊಬ್ಬನೇ. "ಅಕ್ಕಾ, ನಿನ್ನ ಕಣ್ಣಿಗೇನಾಯ್ತೇ" ಎಂದು ಒಂದೇ ಒಂದು ಸಲ ಕೇಳಲು ನಿನಗೆ ಬಾಯಿ ಬರಲಿಲ್ಲವೇನೋ?