ಮುಖಪುಟದ ಎಲ್ಲಮ್ಮ

ಜನವರಿ 28, ಬುಧವಾರ

ನಮ್ಮ ಉಗರಗೋಳದ ಲಾಡ್ಜಿನ ಬ್ರೋಷರು ಇವತ್ತು ಸವದತ್ತಿಯ ಪ್ರೆಸ್ಸಿನಿಂದ ಬಂತು. ಮುಖಪುಟದ ತುಂಬ ಎಲ್ಲಮ್ಮನ ಫೋಟೊ. ಹಟ ಹಿಡಿದು ಹಾಕಿಸಿದವಳು ನಾನೇ.

ಅತ್ತೆ ಒಂದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ, "ಹುಣ್ಣಿಮಿ ಜಾತ್ರಿಗೆ ಗುಡ್ಡದಾಗ ಹಂಚತಿ. ಓದಿದ ಮಂದಿ ಅಲ್ಲೇ ಒಗೀತಾರ. ಆಮ್ಯಾಲ ಅವ್ವನ್ನ ಎಲ್ಲಾರೂ ತುಳಕೋಂತ ಹೋಗತಾರಲ್ಲಾ, ಶೀತಲ?" ಎಂದರು.

ಅದೂ ನಿಜವೇ. ಹಂಚಲಾರೆ, ಸುಡಲಾರೆ. ರದ್ದಿಗೆ ಹಾಕಿದರೆ ಯಾರೋ ಅದರಲ್ಲೇ ಮಿರ್ಚಿ ಕಟ್ಟಿಕೊಡುತ್ತಾರೆ.

"ಕಾಗದ ಅದ, ಏನೂ ಆಗಂಗಿಲ್ಲ, ಮಲಕೋ" ಎಂದ ಇವರು ಕಟ್ಟುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ನಾನು ನೆಲಕ್ಕಿಳಿದು ಕುಳಿತಿದ್ದೇನೆ. ನಿದ್ದೆ ಎಳೆಯುತ್ತಿದೆ. ಆದರೆ ಇಷ್ಟು ಸಣ್ಣ ಕೋಣೆಯಲ್ಲಿ ಕಾಲು ಯಾವ ಕಡೆ ಚಾಚಲಿ?