ಚೀಲದವರು ಯಾಕೆ ಓಡುತ್ತಾರೆ

ಮಾರ್ಚ್ 4, ಬುಧವಾರ. ಬೆಳಿಗ್ಗೆ

ನಿನ್ನೆ ನಾಲ್ಕು ನಿಮಿಷ ಐದು ಸೆಕೆಂಡ್. ಆರುನೂರಾ ನಲವತ್ತು ಜನ, ಮೂರು ಬಾಗಿಲು, ನಾಲ್ಕು ನಿಮಿಷ ಐದು ಸೆಕೆಂಡಿಗೆ ಥಿಯೇಟರ್ ಖಾಲಿ. ಯಾರೂ ಯಾರ ಕಾಲನ್ನೂ ತುಳಿಯಲಿಲ್ಲ. ಒಂದು ಮಗುವೂ ಅಳಲಿಲ್ಲ. ಬೇರೆ ಯಾರಾದರೂ ಇದನ್ನು ಮಾಡಿ ತೋರಿಸಲಿ, ನನ್ನ ಟಾರ್ಚನ್ನು ಅವರ ಕೈಗೇ ಕೊಟ್ಟು ಮನೆಯಲ್ಲಿ ಕೂರುತ್ತೇನೆ. ಸೀಟು ತೋರಿಸುವ ಕೆಲಸ ಅಂದರೆ ಎಲ್ಲರಿಗೂ ಸಸಾರ. ಕೂರಿಸುವುದು ಯಾರಿಗಾದರೂ ಬರುತ್ತದೆ. ಎಬ್ಬಿಸಿ ಕಳಿಸುವುದು ವಿದ್ಯೆ.

ನಾದಿನಿ ಚಹಾಕ್ಕೆ ಬಂದಿದ್ದಳು. ಅವಳದೂ ಇದೇ ಕೆಲಸ, ರಸ್ತೆಯಾಚೆಯ ಥಿಯೇಟರಿನಲ್ಲಿ. ಅಲ್ಲಿ ‘ದೀಪಸ್ತಂಭ’, ನಮ್ಮಲ್ಲಿ ‘ಅಂಚೆಚೀಲ’. ಎರಡೂ ಮ್ಯೂಸಿಕಲ್ಲೇ, ಮಾತಿಗಿಂತ ಹಾಡು ಜಾಸ್ತಿ. ಎರಡಕ್ಕೂ ಹುಚ್ಚು ಅಭಿಮಾನಿಗಳು. ಅವರ ಕಡೆಯವರು ದೀಪದವರು, ನಮ್ಮ ಕಡೆಯವರು ಚೀಲದವರು. ದೀಪದವರು ಬೂದು ಶಾಲು ಹೊದ್ದು, ಪರೀಕ್ಷೆಗೆ ಬಂದವರ ಹಾಗೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ. ಚೀಲದವರ ಹೆಗಲಲ್ಲಿ ಕಂದು ಬಟ್ಟೆಯ ಚೀಲ, ಚೀಲದಲ್ಲಿ ಒಂದು ಲಕೋಟೆ. ನಾಟಕದ ಅಂಚೆಯವಳು ವಿಳಾಸವಿಲ್ಲದ ಕಾಗದ ಎತ್ತಿ ಹಿಡಿದಾಗ ಇವರೂ ತಮ್ಮ ತಮ್ಮ ಲಕೋಟೆ ಎತ್ತಿ ಹಿಡಿಯುತ್ತಾರೆ. ಅಳುವ ಜಾಗ ಬಂದರೆ ಎಲ್ಲರೂ ಒಟ್ಟಿಗೆ ಅಳುತ್ತಾರೆ. ಕರ್ಚೀಫು ಮರೆತವರಿಗೆ ಪಕ್ಕದವರು ಕೊಡುತ್ತಾರೆ.

‘ನಿಮ್ದು ಸಂತೆ, ನಮ್ದು ಸಭೆ ಅತ್ತಿಗೆ,’ ಅಂದಳು.

‘ಸಭೆ ಅಲ್ಲ ಕಣೆ, ಸಾವಿನ ಮನೆ,’ ಅಂದೆ. ಇಬ್ಬರೂ ನಕ್ಕೆವು. ಆದರೂ ಹೋಗುವಾಗ ಕುಟುಕಿಯೇ ಹೋದಳು.

‘ಒಂದಂತೂ ಒಪ್ಕೋಬೇಕು. ಕಡೇ ಸಂಗೀತ ಮುಗಿಯೋವರೆಗೂ ನಮ್ಮೋರು ಕೂತ ಜಾಗ ಬಿಟ್ಟು ಏಳಲ್ಲ.’

ಗುರಿಯಿಟ್ಟ ಮಾತು. ನನ್ನ ಗಂಡ, ಅವಳ ಅಣ್ಣ, ವೇದಿಕೆಯ ಮುಂದಿನ ಗುಂಡಿಯಲ್ಲಿ ಹನ್ನೊಂದು ಜನ ವಾದ್ಯದವರ ಜೊತೆ ಕೂತು ಕ್ಲಾರಿನೆಟ್ ನುಡಿಸುತ್ತಾರೆ. ನಟರು ನಮಸ್ಕಾರ ಮಾಡಿ ಒಳಗೆ ಹೋದ ಮೇಲೆ, ಜನ ಹೊರಡುವಾಗ ನುಡಿಸುವುದೊಂದಿದೆ. ಎರಡು ನಿಮಿಷದ್ದು. ಇಡೀ ನಾಟಕದಲ್ಲಿ ಇವರ ಕ್ಲಾರಿನೆಟ್ಟೇ ಮುಂದಾಗಿ ಕೇಳುವ ಜಾಗ ಅದೊಂದೇ. ಅಷ್ಟು ಹೊತ್ತಿಗೆ ಚೀಲದವರು ಎದ್ದು ಓಟ. ಹಿಂದಿನ ಗಲ್ಲಿಗೆ, ನಟರು ಹೊರಗೆ ಬರುವ ಬಾಗಿಲಿಗೆ. ಹನ್ನೊಂದು ವರ್ಷದಿಂದ ಇದೇ.

ಮಾರ್ಚ್ 7, ಶನಿವಾರ. ಬೆಳಿಗ್ಗೆ

ಹಲ್ಲಿನ ಡಾಕ್ಟರ್ ಹೇಳಿಬಿಟ್ಟರು. ಇವರ ಮೇಲಿನ ಎದುರು ಹಲ್ಲು ಎರಡೂ ಹೋಗಲೇಬೇಕು. ಕ್ಲಾರಿನೆಟ್ಟಿನ ತುದಿ ಊರುವುದೇ ಆ ಎರಡು ಹಲ್ಲಿಗೆ. ಕಟ್ಟಿಸಿದ ಹಲ್ಲಿನಲ್ಲಿ ನುಡಿಸುವವರೂ ಇದ್ದಾರಂತೆ. ಇವರು ತಲೆಯಾಡಿಸಿದರು.

‘ಐವತ್ತೆಂಟಾಯ್ತು ಡಾಕ್ಟ್ರೇ. ಹೊಸ ಬಾಯಿ ಪಳಗಿಸೋ ವಯಸ್ಸಲ್ಲ. ಇಪ್ಪತ್ತೆರಡಕ್ಕೆ ಕೆಲಸ ಮುಗಿಸ್ತೀನಿ, ಇಪ್ಪತ್ತಮೂರಕ್ಕೆ ಕಿತ್ಬಿಡಿ.’

ಹಾಲಿನವನಿಗೆ ನಾಳೆ ಬೇಡ ಅಂದ ಹಾಗೆ ಹೇಳಿದರು. ಬಸ್ಸಿನಲ್ಲಿ ಕೇಳಿದೆ, ಬೇಜಾರಿಲ್ವಾ ಅಂತ. ‘ಯಾರಿಗೆ ಗೊತ್ತಾಗುತ್ತೆ ಬಿಡು,’ ಅಂದರು. ದನಿಯಲ್ಲಿ ಬೇಸರವೂ ಇರಲಿಲ್ಲ. ಅದೇ ನನಗೆ ಚುಚ್ಚಿದ್ದು.

ಒಂದು ಸಲ. ಒಂದೇ ಒಂದು ಸಲ ಜನ ಕೂತು ಇವರನ್ನು ಕೇಳಬೇಕು. ಇಪ್ಪತ್ತೆರಡರ ಒಳಗೆ. ನಾನು ಇನ್ನೇನೂ ಕೇಳುವುದಿಲ್ಲ.

ಮಾರ್ಚ್ 10, ಮಂಗಳವಾರ. ಬೆಳಿಗ್ಗೆ

ನಿನ್ನೆ ನಮಗೆ ರಜೆ, ಅವರಿಗೆ ಶೋ. ನಾದಿನಿ ಪಾಸು ಕೊಟ್ಟಳು. ಹೋಗಿ ‘ದೀಪಸ್ತಂಭ’ ನೋಡಿ ಬಂದೆ. ಸೀಟು ತೋರಿಸಿದವಳು ಟಾರ್ಚಿನ ಬೆಳಕನ್ನು ಮುಖಕ್ಕೆ ಬಿಟ್ಟಳು. ಕಾಲಿಗೆ ಬಿಡಬೇಕು, ಮುಖಕ್ಕೆ ಬಿಡಬಾರದು. ಇದು ಮೊದಲನೇ ದಿನದ ಪಾಠ. ನಾದಿನಿ ಏನು ಕಲಿಸಿದ್ದಾಳೋ.

ನಾಟಕ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ದೀಪ ಕಾಯುವವನ ಹೆಂಡತಿ ಹಾಡುವಾಗ ಕಣ್ಣು ತುಂಬಿತು. ಕೆಮ್ಮಿದ ಹಾಗೆ ಮಾಡಿ ಒರೆಸಿಕೊಂಡೆ. ಹತ್ತು ಶಾಲು ತಿರುಗಿ ದುರುಗುಟ್ಟಿದವು.

ಕೊನೆಗೆ ಆ ಸಂಗೀತ. ಒಬ್ಬರೂ ಏಳಲಿಲ್ಲ. ಕತ್ತಲೆ ಹಾಗೇ, ಮುಚ್ಚಿದ ಬಾಗಿಲು ಹಾಗೇ, ಜನ ಹಾಗೇ. ಮುಗಿದ ಮೇಲೆ ಚಪ್ಪಾಳೆ. ಅವರ ಕೊಳಲಿನವನು ಗುಂಡಿಯಿಂದ ತಲೆ ಎತ್ತಿ ಕೈ ಬೀಸಿದ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು. ಇವರಿಗಿರುವ ಉಸಿರು ಅವನ ವಂಶಕ್ಕೇ ಇಲ್ಲ.

ನಾದಿನಿ ಬಾಗಿಲಲ್ಲಿ ನಿಂತು ಹುಬ್ಬು ಹಾರಿಸಿದಳು. ಮಾತಾಡಿಸದೆ ಬಂದೆ. ಚೀಲದವರ ಮೇಲೆ ಎಂಥ ಸಿಟ್ಟು... ಹನ್ನೊಂದು ವರ್ಷ ದಾರಿ ತೋರಿಸಿದ್ದೇನೆ. ಬಿಟ್ಟು ಹೋದ ಕೊಡೆ, ಕನ್ನಡಕ, ಒಮ್ಮೆ ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು — ಎತ್ತಿಟ್ಟು ಕೊಟ್ಟಿದ್ದೇನೆ. ಎರಡು ನಿಮಿಷ ಕೂರಲಾರದ ಜನಕ್ಕೆ.

ಮಾರ್ಚ್ 14, ಶನಿವಾರ. ಎರಡು ಶೋ ನಡುವೆ

ಮೂರು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ ಆಗುತ್ತಿತ್ತು.

ಇವತ್ತು ಇಂಟರ್ವಲ್ಲಿನಲ್ಲಿ ಕಂದು ಟೋಪಿಯವರನ್ನು ಹಿಡಿದೆ. ಚೀಲದವರಿಗೆಲ್ಲ ಹಿರಿತಲೆ. ರಿಟೈರ್ಡ್ ಹೆಡ್‌ಮಿಸ್ಸು. ‘ಅಂಚೆಚೀಲ’ವನ್ನು ಇನ್ನೂರ ಹನ್ನೆರಡು ಸಲ ನೋಡಿದವರು, ಯಾವಾಗಲೂ ಎಂಟನೇ ಸಾಲಿನ ಮೊದಲ ಸೀಟು.

‘ಮೇಡಂ, ಇಷ್ಟು ಸಲ ಬಂದಿದ್ದೀರಲ್ಲ. ಕಡೇಲಿ ನುಡಿಸ್ತಾರಲ್ಲ, ಅದನ್ನ ಒಂದು ಸಲನಾದ್ರೂ ಕೂತು ಕೇಳಿದ್ದೀರಾ?’

ಹೋಂವರ್ಕ್ ಮಾಡದೆ ಬಂದವಳನ್ನು ನೋಡುವ ಹಾಗೆ ನೋಡಿದರು.

‘ಕೂತು? ಕೂರೋಕೆ ನೀವೆಲ್ಲಮ್ಮ ಬಿಡ್ತೀರಿ? ನಟರ ಬೆನ್ನು ಇನ್ನೂ ಕಾಣ್ತಿರುತ್ತೆ, ಆಗ್ಲೇ ಮೂರು ಬಾಗಿಲೂ ತೆಗೆದು ಈ ಕಡೆ ಬನ್ನಿ, ಈ ಕಡೆ ಬನ್ನಿ ಅಂತ ಕೂಗ್ತೀರಿ. ಕುರಿ ಅಟ್ಟೋ ಹಾಗೆ ಟಾರ್ಚ್ ಆಡಿಸ್ತೀರಿ.’

‘ನೀವು ಓಡೋದು ನಟರನ್ನ ನೋಡೋಕಲ್ವಾ?’

‘ಅವರು ಬಣ್ಣ ತೊಳ್ಕೊಂಡು ಬರೋಕೆ ಇಪ್ಪತ್ತು ನಿಮಿಷ ಬೇಕು. ಅದಕ್ಕೆ ಯಾರಾದ್ರೂ ಓಡ್ತಾರಾ? ಓಡೋದು ಕೇಳೋಕೆ. ಹಿಂದಿನ ಗಲ್ಲೀಲಿ ನೆಲದ ಹತ್ರ ಒಂದು ಕಬ್ಬಿಣದ ಜಾಲರಿ ಇದೆಯಲ್ಲ, ಗುಂಡಿಯ ಗಾಳಿ ಹೊರಗೆ ಬರೋದು, ಅಲ್ಲಿ ನಿಂತ್ರೆ ಆ ಕ್ಲಾರಿನೆಟ್ಟು ಚೆನ್ನಾಗಿ ಕೇಳುತ್ತೆ. ಮೊದಲನೇ ಮೂವತ್ತು ಸೆಕೆಂಡ್ ಮಾತ್ರ ಯಾವಾಗ್ಲೂ ತಪ್ಪಿಹೋಗುತ್ತೆ. ನನ್ನ ಮಂಡಿ ನೆಟ್ಟಗಿದ್ದಾಗ ಇಪ್ಪತ್ತೇ ತಪ್ತಿತ್ತು.’

ಇಪ್ಪತ್ತು ನಿಮಿಷ. ಹೌದಲ್ಲ. ಅದು ನನಗೂ ಗೊತ್ತಿರುವುದೇ. ಒಂದು ದಿನವಾದರೂ ಯೋಚಿಸಿದೆನಾ...

ಮೊದಲ ಬೆಲ್ ಆಯಿತು. ಹೋಗಬೇಕು.

ಮಾರ್ಚ್ 18, ಬುಧವಾರ. ಸಂಜೆ ಐದು

ಮಧ್ಯಾಹ್ನದ ಶೋ ಇತ್ತು. ಕಣ್ಣಾರೆ ನೋಡದೆ ನಂಬಬಾರದು ಅಂತ ನನ್ನ ಬಾಗಿಲನ್ನು ಬಾಲ್ಕನಿಯಲ್ಲಿ ಸೀಟು ತೋರಿಸುವವಳಿಗೆ ವಹಿಸಿ, ಚೀಲದವರಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡಿ ಗಲ್ಲಿ ಸೇರಿದೆ. ಮೊದಲ ಮೂವತ್ತು ಸೆಕೆಂಡ್ ನನಗೂ ತಪ್ಪಿತು. ಕಸದ ಡಬ್ಬಿ, ಖಾಲಿ ಪೇಂಟ್ ಡಬ್ಬ, ಗೋಡೆಯ ಬುಡದಲ್ಲಿ ತುಕ್ಕು ಹಿಡಿದ ಜಾಲರಿ.

ಬಂದರು. ಐವತ್ತು ಅರವತ್ತು ಜನ. ಏದುಸಿರು ಬಿಡುತ್ತಾ, ಚೀಲ ಸೊಂಟಕ್ಕೆ ಬಡಿಯುತ್ತಾ. ಜಾಲರಿಯ ಹತ್ತಿರ ಬಂದ ಕೂಡಲೇ ಎಲ್ಲರ ಬಾಯಿಗೂ ಬೀಗ. ಸಂತೆ ಅಂದಳಲ್ಲ ನಾದಿನಿ, ಆ ಸಂತೆಯ ಜನ ಒಬ್ಬರ ಭುಜಕ್ಕೊಬ್ಬರು ತಾಗಿ ನಿಂತರು. ಕಂದು ಟೋಪಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಒಬ್ಬ ಮುದುಕರು ಪೇಂಟ್ ಡಬ್ಬದ ಮೇಲೆ ಕೂತು ಗೋಡೆಗೆ ಕಿವಿ ಕೊಟ್ಟರು.

ನೆಲದೊಳಗಿಂದ ಇವರ ಕ್ಲಾರಿನೆಟ್.

ನಾನೂ ಕೇಳಿದೆ. ಮೊದಲ ಸಲ. ಹನ್ನೊಂದು ವರ್ಷ ಇವರು ನುಡಿಸುವಾಗೆಲ್ಲ ನಾನೇ ಕೂಗುತ್ತಿದ್ದೆ, ಈ ಕಡೆ ಬನ್ನಿ, ಈ ಕಡೆ ಬನ್ನಿ ಅಂತ. ಮನೆಯಲ್ಲಿ ಇವರು ನುಡಿಸುವುದಿಲ್ಲ, ಪಕ್ಕದವರಿಗೆ ತೊಂದರೆ ಅಂತ. ಎಷ್ಟು ಚೆನ್ನಾಗಿ ನುಡಿಸುತ್ತಾರೆ ನನ್ನ ಗಂಡ! ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿತ್ತು, ಪಕ್ಕದವರ ಎಲೆಯ ನೊಣಕ್ಕೆ ಬೆಟ್ಟು ಮಾಡುತ್ತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಇವರ ಬಗ್ಗೆಯೂ, ಆ ಓಡಿ ಬಂದ ಜನದ ಬಗ್ಗೆಯೂ.

ಮಾರ್ಚ್ 19, ಗುರುವಾರ. ಮಧ್ಯಾಹ್ನ

ಮ್ಯಾನೇಜರ್ ಹತ್ತಿರ ಹೋದೆ. ಭಾನುವಾರ ಇವರ ಕೊನೆಯ ಶೋ, ಸಂಗೀತ ಮುಗಿಯುವ ತನಕ ಬಾಗಿಲು ತೆಗೆಯುವುದಿಲ್ಲ, ಅವತ್ತೊಂದು ದಿನ ರೂಲ್ ಸಡಿಲಿಸಿ ಅಂದೆ.

‘ಯಾವ ರೂಲ್? ಅದು ನೀವೇ ಶುರು ಮಾಡಿದ್ದಲ್ವಾ?’

ಹೌದು. ನಾನೇ. ಮಗಳು ಆಗ ಎಂಟು ವರ್ಷದವಳು, ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಿದ್ದೆವು. ಒಂಬತ್ತೂ ಐವತ್ತರ ಬಸ್ಸು ತಪ್ಪಿದರೆ ನಡೆದೇ ಹೋಗಬೇಕು. ಇವರನ್ನೂ ಕರೆದುಕೊಂಡು ಬಸ್ಸು ಹಿಡಿಯಬೇಕು ಅಂತ ಬೇಗ ಬೇಗ ಖಾಲಿ ಮಾಡಿಸತೊಡಗಿದೆ. ಆಮೇಲೆ ಅದೇ ಹೆಸರಾಯಿತು. ಮ್ಯಾನೇಜರ್ ಕೋಣೆಯ ಗೋಡೆಯಲ್ಲಿ ನನ್ನ ಫೋಟೋ ಇದೆ, ಅದಕ್ಕೇ ಕೊಟ್ಟ ಸರ್ಟಿಫಿಕೇಟಿನ ಜೊತೆ. ಮಗಳಿಗೀಗ ಹತ್ತೊಂಬತ್ತು, ಅವಳೇ ನಮಗೆ ಬಾಗಿಲು ತೆಗೆಯುತ್ತಾಳೆ. ಕಾರಣ ಹೋಗಿ ಯಾವುದೋ ಕಾಲವಾಯಿತು. ಅವಸರ ಮಾತ್ರ ಉಳಿದಿತ್ತು.

‘ನಿಮ್ಮ ಟೈಮಿಂಗ್ ನೋಡಿ ಬೇರೆ ಥಿಯೇಟರ್‌ನೋರು ಹೊಟ್ಟೆ ಉರ್ಕೋತಾರೆ. ಸುಮ್ನೆ ಯಾಕೆ ಹಾಳ್ಮಾಡ್ಕೋತೀರಿ?’

‘ಹಾಳಾಗ್ಲಿ ಬಿಡಿ ಸಾರ್.’

ನಕ್ಕರು. ಚಿಲಕ ಹಾಕಬಾರದು, ಬರೀ ಮುಚ್ಚಿರಬೇಕು ಅಂದರು. ಅಷ್ಟು ನನಗೆ ಗೊತ್ತಿಲ್ಲವೇ.

ಕಂದು ಟೋಪಿಯವರಿಗೆ ಫೋನ್ ಮಾಡಿ ಹೇಳಿದೆ. ‘ಹಾಗಾದ್ರೆ ಆ ಮೂವತ್ತು ಸೆಕೆಂಡೂ ಕೇಳ್ತೀವಾ?’ ಅಂದರು. ಇವರಿಗೆ ಹೇಳಬೇಡಿ, ಚೀಲದವರಿಗೆಲ್ಲ ಹೇಳಿ ಕರೆತನ್ನಿ ಅಂದಿದ್ದೇನೆ.

ನಾದಿನಿಗೂ ಜಾಲರಿಯ ವಿಷಯ ಹೇಳಿದೆ. ಹೇಳದೆ ಬಿಡುತ್ತೇನೆಯೇ.

‘ನೆಲಕ್ಕೆ ಕಿವಿ ಕೊಡ್ತಾರಾ?’ ಅಂದಳು. ಆಮೇಲೆ ಮೆಲ್ಲಗೆ, ‘ನಿಜ ಹೇಳ್ಲಾ ಅತ್ತಿಗೆ? ನಮ್ಮೋರಲ್ಲಿ ಅರ್ಧ ಜನ ಆಗ ಶಾಲಿನೊಳಗೆ ಫೋನ್ ನೋಡ್ತಿರ್ತಾರೆ. ಬಾಗಿಲು ತೆಗೀಲಿ ಅಂತ ಕಾಯ್ತಿರ್ತಾರೆ. ಭಾನುವಾರ ನಂಗೂ ಒಂದು ಸೀಟು ಇಡಿ.’

ಅವರ ನಾಟಕ ಶುರುವಾದ ನಾಲ್ಕು ವರ್ಷದಲ್ಲಿ ಮೊದಲ ಸಲ ಸೋತಳು. ಆದರೂ ದೀಪದವರನ್ನು ಆಡಿಕೊಳ್ಳುವ ಮನಸ್ಸಾಗಲಿಲ್ಲ. ಪಾಪ, ಅವರಲ್ಲೂ ಇನ್ನರ್ಧ ಜನ ಕೇಳುತ್ತಾರಲ್ಲ. ಆದರೆ ನಮ್ಮವರು ಓಡುತ್ತಾರೆ.

ಮಾರ್ಚ್ 22, ಭಾನುವಾರ. ಸಂಜೆ ಆರು

ಟಿಕೆಟ್ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಟರು ನಮಸ್ಕಾರ ಮಾಡಿ ಒಳಗೆ ಹೋದರು. ಅಭ್ಯಾಸ ಬಲ, ಅರ್ಧ ಜನ ಚೀಲ ಏರಿಸಿಕೊಂಡು ಎದ್ದು ನಿಂತರು. ನಾನು ನಡುಬಾಗಿಲಿಗೆ ಬೆನ್ನು ಕೊಟ್ಟು, ಟಾರ್ಚ್ ಆರಿಸಿ ನಿಂತಿದ್ದೆ. ನನ್ನ ಕಾಲೂ ಬಾಗಿಲ ಕಡೆಗೇ ಎಳೆಯುತ್ತಿತ್ತು. ಕಂದು ಟೋಪಿಯವರು ಹಿಂದೆ ತಿರುಗಿ ಒಂದೇ ಮಾತು.

‘ಕೂತ್ಕೊಳ್ಳಿ ಎಲ್ಲಾ.’

ಕೂತರು. ಗೋಡೆಗೆ ಒರಗಿ ನಿಂತಿದ್ದ ಮ್ಯಾನೇಜರ್ ಕೂಡ ಕೂತರು.

ಆ ಮೊದಲ ಮೂವತ್ತು ಸೆಕೆಂಡ್... ಕೇಳುತ್ತಿದ್ದ ಹಾಗೆ ಗೊತ್ತಾಯಿತು. ಇವರು ಬೆಳಿಗ್ಗೆ ಶೂ ಲೇಸ್ ಕಟ್ಟುವಾಗ ಗುನುಗುತ್ತಾರಲ್ಲ, ಅದೇ. ಎಷ್ಟು ಸಲ ‘ಬೇಗ ಕಟ್ಟಿ, ಬಸ್ಸು ಹೋಗುತ್ತೆ’ ಅಂದಿದ್ದೇನೋ. ಚೀಲದವರು ಅತ್ತರು. ಇದು ಅವರ ಅಳುವ ಜಾಗವಲ್ಲ. ಅದಕ್ಕೇ ಒಟ್ಟಿಗೆ ಅಳಲಿಲ್ಲ, ಒಬ್ಬೊಬ್ಬರಾಗಿ ಅತ್ತರು. ನಾದಿನಿಯೂ. ಅವಳಿಗೆ ಕರ್ಚೀಫು ಕೊಟ್ಟದ್ದು ಪಕ್ಕದ ಸೀಟಿನ ಚೀಲದವಳು.

ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರುನೂರು ಕೈ ಮೇಲೆದ್ದವು, ಕೈಗೊಂದು ಲಕೋಟೆ. ಗುಂಡಿಯಲ್ಲಿ ಕೂತವರಿಗೆ ಇದು ಕಾಣುವುದಿಲ್ಲ. ಡ್ರಮ್ಮಿನವರು ನಿಂತು ನೋಡಿ, ಇವರ ತೋಳು ಹಿಡಿದು ಎಬ್ಬಿಸಿದರು. ಇವರ ತಲೆ ಮೇಲೆ ಬಂತು. ಇಷ್ಟು ಜನರನ್ನೂ ಬಿಟ್ಟು ಮೊದಲು ನೋಡಿದ್ದು ಬಾಗಿಲ ಕಡೆ. ಬಾಗಿಲು ಕೆಟ್ಟಿದೆ ಅಂದುಕೊಂಡಿರಬೇಕು.

ಟಾರ್ಚ್ ಹಾಕಿದೆ. ಕಾಲಿಗಲ್ಲ. ಮುಖಕ್ಕೇ ಬಿಟ್ಟೆ. ಎಲ್ಲರೂ ನೋಡಲಿ ಅಂತ. ಆಗ ಬಿತ್ತು ಚಪ್ಪಾಳೆ.

ಇವತ್ತು ಥಿಯೇಟರ್ ಖಾಲಿಯಾಗಲು ಮೂವತ್ತೊಂದು ನಿಮಿಷ. ಇಷ್ಟು ತಡ ಯಾವತ್ತೂ ಆಗಿಲ್ಲ. ಇದನ್ನೂ ಆ ಗೋಡೆಗೆ ಹಾಕಿ ಅಂದೆ ಮ್ಯಾನೇಜರಿಗೆ.

ಇವರು ಹಿಂಬಾಗಿಲಲ್ಲಿ ಸಿಕ್ಕಿಕೊಂಡಿದ್ದಾರೆ. ಗಲ್ಲಿಯ ತುದಿಯವರೆಗೂ ಕ್ಯೂ ಇದೆಯಂತೆ, ನಾದಿನಿ ಬಂದು ಹೇಳಿ ಮತ್ತೆ ಓಡಿದಳು. ನಟರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾರಂತೆ.

ಆರೂ ಹತ್ತರ ಬಸ್ಸು ಈಗ ಹೋಯಿತು. ಕಿಟಕಿಯಿಂದ ಕಂಡಿತು. ಇನ್ನೊಂದು ಬರುವುದು ಒಂದು ಗಂಟೆ ಬಿಟ್ಟು. ಹೋಗಲಿ.

ಬಂದರು. ಹೆಗಲಲ್ಲಿ ಯಾರದೋ ಕಂದು ಚೀಲ, ಬಾಯಿ ಕಟ್ಟಲಾಗದಷ್ಟು ಲಕೋಟೆ. ದೂರದಿಂದಲೇ ಏನೋ ಕೇಳುತ್ತಿದ್ದಾರೆ, ಬಾಗಿಲಿಗೆ ಏನಾಗಿತ್ತು ಅಂತಲೇ ಇರಬೇಕು. ಬರೆಯುವುದು ಸಾಕು, ಹೋಗಿ ಹೇಳುತ್ತೇನೆ.