ಕಿಟಕಿ ಲಕೋಟೆ

ಸೋಮವಾರ, ೪. ಬೆಳಿಗ್ಗೆ

ಕೆಟ್ಟ ಕನಸು. ನಮ್ಮ ವಿಮೆ ಆಫೀಸಿನ ಲಕೋಟೆಗಳೆಲ್ಲ ಬಸ್ಸಲ್ಲಿ ಸೀಟು ಹಿಡಿದು ಕೂತಿವೆ. ಒಂದೊಂದರ ಕಿಟಕಿಯಲ್ಲೂ ಒಬ್ಬೊಬ್ಬರ ಪಾಲಿಸಿ ಮೊತ್ತ. ಕಂಡಕ್ಟರ್ ಗಟ್ಟಿಯಾಗಿ ಓದ್ತಿದ್ದ. ಬೆವೆತು ಎದ್ದೆ. ನಿದ್ದೆಗಣ್ಣಲ್ಲೇ ಹೊದಿಕೆನ ಮೂರು ಮಡಿಕೆ ಮಾಡಿಟ್ಟಿದ್ದೆನಂತೆ. ಹೆಂಡತಿ ನಕ್ಕಿದ್ದೇ ನಕ್ಕಿದ್ದು. ನಗಲಿ. ಹನ್ನೊಂದು ವರ್ಷದಿಂದ ಕಾಗದ ಮಡಚ್ತಿದೀನಿ. ಲಕೋಟೆ ಮುಂದಿನ ಗಾಜುಕಾಗದದ ಕಿಟಕಿಯಲ್ಲಿ ಹೆಸರು, ವಿಳಾಸ ಬಿಟ್ಟು ಬೇರೆ ಅಕ್ಷರ ಕಾಣಬಾರದು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಇದರಲ್ಲಿ ಕೈ ತಪ್ಪಿಲ್ಲ.

ಅದೇ ದಿನ, ಸಂಜೆ

ಹೊಲಿಗೆ ಅಂಗಡಿಯ ಅಮ್ಮ ಆಫೀಸಿಗೆ ಬಂದಿದ್ದರು. ಗಂಡ ಇಲ್ಲ, ಮೈದುನನ ಮನೆಯಲ್ಲಿ ವಾಸ. ಮಗಳ ಓದಿಗೆ ಅಂತ ಯಾರಿಗೂ ಹೇಳದೆ ಪಾಲಿಸಿ ಮಾಡಿಸಿದ್ದು. ನಮ್ಮ ಕಾಗದ ಮೈದುನನ ಕೈಗೆ ಸಿಕ್ಕಿದೆ. ಲಕೋಟೆ ಒಡೆದೇ ಇಲ್ಲ, ಬರೀ ಕಿಟಕಿ ನೋಡಿ ಮೊತ್ತ ಹೇಳಿದನಂತೆ. ಈಗ ದಿನಾ ಅದೇ ರಾಗ — ಪಾಲಿಸಿ ಮುರಿಸು, ದುಡ್ಡು ನನ್ನ ಗಾಡಿಗೆ ಕೊಡು.

"ನಿಮ್ಮನ್ನೆಲ್ಲ ನಂಬಿದ್ದೆ ಅಣ್ಣಾ," ಅಂದರು. ಅಷ್ಟೇ.

ಒಂದು ಲಕೋಟೆ ತೆಗೆದು ಮಡಿಕೆ ನೋಡೋಕೆ ಕೂತೆ.

ಬುಧವಾರ, ೬

ಎರಡು ದಿನ ಮಡಚಿದೆ, ಬಿಚ್ಚಿದೆ. ಮಡಿಕೆ ಸರಿಯೇ ಇದೆ. ಕೊನೆಗೆ ಲಕೋಟೆನ ತಲೆಕೆಳಗು ಮಾಡಿ ಮೇಜಿಗೆ ತಟ್ಟಿದೆ. ಒಳಗಿನ ಕಾಗದ ಒಂದು ಬೆರಳಷ್ಟು ಜಾರಿತು... ವಿಳಾಸದ ಕೆಳಗಿಂದ ಮೊತ್ತ ಇಣುಕಿತು. ಹೊಸ ಫಾರಂನಲ್ಲಿ ಎರಡನ್ನೂ ಒತ್ತೊತ್ತಾಗಿ ಛಾಪಿಸಿದ್ದಾರೆ.

ಸಾಹೇಬರಿಗೆ ಹೇಳಿದೆ. ಮಡಚೋದು ನಿನ್ನ ಕೆಲಸ, ಛಾಪಿಸೋದು ಹೆಡ್ ಆಫೀಸ್ ಕೆಲಸ ಅಂದರು. ಟಪಾಲಿನ ಕಟ್ಟಿನಲ್ಲಿ ಅವರದೇ ಪಾಲಿಸಿಯ ಲಕೋಟೆ ಇತ್ತು. ಅದನ್ನೇ ತಟ್ಟಿ ಅವರ ಮುಂದಿಟ್ಟೆ. ಪಕ್ಕದ ಮೇಜಿನವರು ಕತ್ತು ಉದ್ದ ಮಾಡಿದರು. ಸಾಹೇಬರು ಪಟ್ಟನೆ ಅಂಗೈಯಿಂದ ಕಿಟಕಿ ಮುಚ್ಚಿದರು.

"ಇವತ್ತಿನ ಟಪಾಲು ನಿಲ್ಸಿ."

ಸೋಮವಾರ, ೧೮

ತಿದ್ದಿದ ಫಾರಂ ಬಂತು. ಮೊತ್ತ ಎರಡನೇ ಹಾಳೆಗೆ ಹೋಯ್ತು. ಹೇಗೆ ಕುಲುಕಿದರೂ ಹೆಸರು, ವಿಳಾಸ ಅಷ್ಟೇ. ಸಾಹೇಬರು ಆ ಅಮ್ಮನಿಗೆ ತಪ್ಪಾಯ್ತು ಅಂತ ಬರೆದು ಕೊಟ್ಟರು. ಅಮ್ಮನ ಸಹಿ ಇಲ್ಲದೆ ಪಾಲಿಸಿ ಯಾರೂ ಮುರಿಸೋಕಾಗಲ್ಲ ಅಂತ ಧೈರ್ಯವನ್ನೂ ಹೇಳಿದರು. ಮೈದುನನೂ ಕೌಂಟರಿಗೆ ಬಂದಿದ್ದ, ವಿವರ ಕೊಡಿ, ನಾನು ಮನೆಯವನೇ ಅಂತ.

ಕೌಂಟರಿನ ಹುಡುಗಿ, "ಮನೆಯವರು ಸರಿ ಸಾರ್, ಪಾಲಿಸಿಯವರಲ್ಲವಲ್ಲ," ಅಂದಳು.

ಭೇಷ್. ಬಂದ ದಾರಿ ಹಿಡಿದ.

ಮಂಗಳವಾರ, ೧೯. ಟೀ ಹೊತ್ತು

ಆ ಅಮ್ಮನ ಕಾಗದ ಇನ್ಮೇಲೆ ಅಂಗಡಿ ವಿಳಾಸಕ್ಕೆ. ನಾನೇ ಮಡಚಿದೆ, ಅಂಟಿಸಿದೆ, ತಟ್ಟಿದೆ. ಗಟ್ಟಿ. ಇನ್ನು ಚಿಂತೆಯಿಲ್ಲ... ಆದರೆ ಕಾಗದದ ಜೊತೆ ಫೋನಿಗೆ ಮೊತ್ತದ ಮೆಸೇಜೂ ಹೋಗುತ್ತಲ್ಲ. ಪಾಲಿಸಿ ಮಾಡಿಸಿದಾಗ ಅಮ್ಮನಿಗೆ ಫೋನ್ ಇತ್ತಾ? ಟೀ ಬಿಟ್ಟು ಕೌಂಟರಿನ ಹುಡುಗಿ ಹತ್ರ ಓಡಿದೆ. "ತಾಯಿ, ಇನ್ನೊಂದ್ಸಲ ನೋಡು, ಆ ಅಮ್ಮನ ಪಾಲಿಸಿಯಲ್ಲಿರೋ ಫೋನ್ ನಂಬರು ಅವರದೇನಾ, ಇಲ್ಲಾ ಆ ಮೈದು—"